ಎರಡು ಒಲೆ, ಒಂದು ಬಿಕ್ಕಳಿಕೆ

ಅಕ್ಕುವಿಗೆ ಬಿಕ್ಕಳಿಕೆ ಹಿಡಿದದ್ದು ಕಿರಿಯ ಸೊಸೆ ಸ್ವಾತಿ ಬಡಿಸಿದ ಗಂಜಿಯ ಮೂರನೆಯ ತುತ್ತಿಗೆ. ಬೇರೆ ಯಾರು ಬಡಿಸಿದ ಯಾವ ತುತ್ತಿಗಾದರೂ ಹಿಡಿಯಬಹುದಿತ್ತು, ಆದರೆ ಹಿಡಿದದ್ದು ಅದಕ್ಕೆ. ಮುಂದಿನ ಹನ್ನೊಂದು ದಿನ ಸ್ವಾತಿ ಅದನ್ನು ಮರೆಯಲಿಲ್ಲ. ಮರೆಯಲು ಮನೆಯವರು ಬಿಡಲೂ ಇಲ್ಲ.

"ನೀರ್ ಕುಡೀನಿ ಅತ್ತೆ. ಉಸ್ರ್ ಕಟ್ಟಿ ಏಳ್ ಗುಟುಕ್."

ಅತ್ತೆ ಏಳು ಗುಟುಕು ಕುಡಿದರು. ಎಂಟನೆಯದು ಬಿಕ್ಕಳಿಕೆಯಾಗಿ ಮೂಗಿನಿಂದ ಬಂತು.

ಹಟ್ಟಿಯಂಗಡಿಯ ಆ ಮನೆಗೆ ಒಂದೇ ಹೆಬ್ಬಾಗಿಲು, ಒಂದೇ ಚಾವಡಿ, ಒಂದೇ ಬಾವಿ. ಒಲೆ ಮಾತ್ರ ಎರಡು. ಶಿವರಾತ್ರಿಯ ಮರುದಿನ ಬಾವಿಯ ಪಂಪು ಸುಟ್ಟುಹೋಗಿತ್ತು. ತಳ ಕಂಡ ಬಾವಿಯಲ್ಲಿ ಯಾರೋ ಸ್ವಿಚ್ಚು ಹಾಕಿ ಮರೆತಿದ್ದರು. ದೊಡ್ಡ ಮಗ ರವಿರಾಜ್ ಬೈಂದೂರಿನ ಟೈಲ್ಸ್ ಅಂಗಡಿಯ ಮ್ಯಾನೇಜರು. ಅವನು "ನಿನ್ನ ಹೆಂಡ್ತಿದೇ ಕೆಲ್ಸ" ಎಂದ. ಚಿಕ್ಕ ಮಗ ನಿತೇಶ್ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಳ್ಳುವವನು. ಅವನು "ನಿನ್ನ ಹೆಂಡ್ತಿಗೆ ಕೈಯಿಲ್ಯಾ?" ಎಂದ. ಸಂಜೆಯೊಳಗೆ ಹಿಂಬದಿಯ ಕೋಣೆಗೆ ಇನ್ನೊಂದು ಗ್ಯಾಸ್ ಒಲೆ ಬಂತು. ಅಣ್ಣತಮ್ಮಂದಿರ ಮಾತು ನಿಂತಿತು. ಹೆಂಡಿರೂ ಮಾತಾಡಬಾರದೆಂದು ಇಬ್ಬರೂ ತಂತಮ್ಮ ಕಡೆ ಅಪ್ಪಣೆ ಮಾಡಿದರು.

ಸ್ವಿಚ್ಚು ಹಾಕಿದ್ದು ತಾನೋ ಅಲ್ಲವೋ ಎಂದು ಸ್ವಾತಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಲಗುವ ಮೊದಲು ಗ್ಯಾಸಿನ ಕಿವಿಯನ್ನು ಮೂರು ಸಲ ತಿರುಗಿಸಿ ನೋಡುವವಳು ಅವಳು. ಹೊಲಿದ ರವಿಕೆಯ ಹುಕ್ಕುಗಳನ್ನು ಕೊಡುವ ಮೊದಲು ಒಂದೊಂದಾಗಿ ಎಳೆದು ನೋಡುವವಳು. ಆದರೆ ಅವತ್ತಿನ ಸ್ವಿಚ್ಚು ಮಾತ್ರ ನೆನಪಿಗೆ ಬರಲೊಲ್ಲದು. ಹಾಗಾಗಿ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯ ಮೇಲೇ ಎರಡನೆಯ ಒಲೆ ಕೂತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅತ್ತೆಯನ್ನು ಮಾತ್ರ ಪಾಲು ಮಾಡಲು ಆಗಲಿಲ್ಲ. ಆದ್ದರಿಂದ ಹೊತ್ತನ್ನು ಪಾಲು ಮಾಡಿದರು. ಬೆಳಿಗ್ಗೆ, ಮಧ್ಯಾಹ್ನ ದೊಡ್ಡವಳು ಸೌಮ್ಯಶ್ರೀಯ ಕಡೆ. ಸಂಜೆಯ ಚಹಾ, ರಾತ್ರಿಯ ಊಟ ಸ್ವಾತಿಯ ಕಡೆ. ಎಪ್ಪತ್ತರ ಅಕ್ಕು ತಟ್ಟೆ ಹಿಡಿದುಕೊಂಡು ದಿನಕ್ಕೆರಡು ಸಲ ಚಾವಡಿ ದಾಟುತ್ತಿದ್ದರು.

"ಬಸ್ಸಿಗೆ ಕಾದ್ಹಾಂಗೆ ಆಯ್ತ್ ನನ್ನ ಬಾಳ್," ಎನ್ನುತ್ತಿದ್ದರು. "ಬೆಳಿಗ್ಗಿದ್ ಬೈಂದೂರ್ ಬಸ್, ಸಂಜಿದ್ ಗಂಗೊಳ್ಳಿ ಬಸ್."

ಮೊದಲ ದಿನ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಯಾರೋ ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ನಿತೇಶ್ ನಕ್ಕ. ಎರಡನೆಯ ದಿನ ಚಾವಡಿಯಲ್ಲಿ ಹೆದರಿಸುವ ಕೆಲಸ ಶುರುವಾಯಿತು. ಬಿಕ್ಕಳಿಸುವವರ ಮೇಲೆ ಇದ್ದಕ್ಕಿದ್ದಂತೆ ಕಳ್ಳತನ ಹೊರಿಸಿದರೆ ಬಿಕ್ಕಳಿಕೆ ನಿಲ್ಲುತ್ತದೆಂದು ಆ ಮನೆಯಲ್ಲಿ ಎಲ್ಲರೂ ಕಲಿತಿದ್ದು ಅಕ್ಕುವಿನಿಂದಲೇ. ಸೌಮ್ಯಶ್ರೀಯ ಮಗಳು, ಒಂಬತ್ತನೆಯ ಕ್ಲಾಸಿನ ಸುರಕ್ಷಾ, ಹಿಂದಿನಿಂದ ಬಂದು ಕೂಗಿದಳು.

"ಅಜ್ಜೀ! ಡಬ್ಬಿ ತುಪ್ಪ ಖಾಲಿ ಮಾಡಿದ್ದ್ ನೀನೇ ಅಂಬ್ರ್!"

"ಹೌದ್... ಹಿಕ್... ನಾನೇ. ನನ್ ಮನಿ ತುಪ್ಪ, ನಾನ್ ತಿಂದೆ. ಎಂತ ಮಾಡ್ತೆ?"

ಎಲ್ಲರೂ ನಕ್ಕರು. ಆಮೇಲೆ ರವಿರಾಜ್ ಪ್ರಯತ್ನಿಸಿದ. "ಅಮ್ಮ, ಆಚಿಯವ್ರಿಗೆ ಬಾಳಿಗೊನಿ ಕೊಟ್ಟದ್ದ್ ನೀನೇ ಅಲ್ದಾ? ಕದ್ದ್ ಕೊಟ್ಟದ್ದಲ್ದಾ?"

ನಗು ಅಲ್ಲಿಗೆ ನಿಂತಿತು. ಅದು ಹೆದರಿಸಲು ಆಡಿದ ಮಾತಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ನಿತೇಶ್ ಗೋಡೆಗೆ ಹೇಳಿದ, "ಆ ಗೊನಿಯಲ್ಲಿ ಅರ್ಧ ಬಾವಲಿ ತಿಂದದ್ದಿತ್ತ್. ಬಾವಲಿನ ಯಾರ್ ಕೇಳ್ತ್ರ್?"

"ನನ್ನ ಬಿಕ್ಕ್ ನಿಲ್ಸುಕೆ ಬಂದದ್ದಾ... ಹಿಕ್... ಲೆಕ್ಕ ಚುಕ್ತಾ ಮಾಡುಕೆ ಬಂದದ್ದಾ?" ಎಂದರು ಅಕ್ಕು. "ಹೋಯ್ನಿ, ಇಬ್ರೂ ಹೋಯ್ನಿ. ನನಗೆ ನೀರ್ ಕೊಡಿ."

ನೀರು ಕೊಟ್ಟರು. ಬಿಕ್ಕಳಿಸಿದಾಗೆಲ್ಲ ಕೊಟ್ಟರು. ಸೌಮ್ಯಶ್ರೀ ಮಣೆಯ ಪಕ್ಕ ಚೊಂಬು ತುಂಬಿಸಿಟ್ಟಳು. ಸ್ವಾತಿ ಚಾವಡಿಯ ಮೂಲೆಯಲ್ಲಿ ಹೂಜಿ ಇಟ್ಟಳು. ಏಪ್ರಿಲಿನ ಸೆಕೆ ಬೇರೆ. ಅತ್ತೆಯ ಸೀರೆಯ ಬೆನ್ನು ಬೆಳಿಗ್ಗೆ ಎಂಟಕ್ಕೇ ಒದ್ದೆಯಾಗಿರುತ್ತಿತ್ತು.

ಮೂರನೆಯ ದಿನ ಊರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಆಯಿತು. ಅಕ್ಕು ಐದು ಗಂಟೆ ನಿದ್ದೆ ಮಾಡಿದರು, ಎದ್ದರು, ಬಿಕ್ಕಳಿಸಿದರು. "ಎರಡು ದಿನದಲ್ಲಿ ನಿಲ್ಲದಿದ್ದರೆ ಕುಂದಾಪುರಕ್ಕೆ ಕರ್ಕಂಡ್ ಹೋಗಿ, ತಡ ಮಾಡ್ಬೇಡಿ" ಎಂದು ಅಲ್ಲಿನ ಡಾಕ್ಟರು ಚೀಟಿಯ ಮೇಲೆ ಬರೆದೇ ಕೊಟ್ಟಿದ್ದರು. ಆ ಚೀಟಿ ಚಾವಡಿಯ ಕಿಟಕಿಯಲ್ಲಿ ಎಂಟು ದಿನ ಬಿದ್ದಿತ್ತು. ಕರೆದುಕೊಂಡು ಹೋಗುವ ಪಾಳಿ ಯಾರದ್ದೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

"ಕ್ಲಿನಿಕ್ಕಿಗೆ ನಾನ್ ಹೋಯ್ದೆ," ಎಂದ ನಿತೇಶ್, ಸ್ವಾತಿ ಕೇಳಿದಾಗ. "ಇನ್ನ್ ಅವನ ಸರ್ತಿ."

"ಸರ್ತಿ ಅಂದ್ರೆ ಎಂತ? ಅದ್ ಕಬಡ್ಡಿಯಾ?"

"ನೀ ಸುಮ್ನಿರ್."

ರವಿರಾಜ್ ತನ್ನ ಸರದಿಗೆ ಬ್ರಹ್ಮಾವರಕ್ಕೆ ಹೋಗಿ ಗುಣಪಾಲ ಎಂಬ ನಾಟಿ ವೈದ್ಯರಿಂದ ನವಿಲುಗರಿಯ ಬೂದಿ ತಂದ. ಜೇನಿನಲ್ಲಿ ಕಲಸಿ ಮೂರು ಹೊತ್ತು ನೆಕ್ಕಿಸಬೇಕು. ಅಕ್ಕು ನೆಕ್ಕಿದರು. ನಾಲಿಗೆ ಕಪ್ಪಾಯಿತು.

"ನವಿಲಿಗೂ ಬಿಕ್ಕ್ ಹಿಡಿತೇನೋ ಇನ್ನ್," ಎಂದು ಸುರಕ್ಷಾಳಿಗೆ ನಾಲಿಗೆ ತೋರಿಸಿದರು.

ಎಂಟನೆಯ ದಿನದ ಹೊತ್ತಿಗೆ ಅವರ ತಮಾಷೆ ಕಡಿಮೆಯಾಯಿತು. ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಾಕರಿಕೆ ಬರುತ್ತಿತ್ತು. ಚಾವಡಿ ದಾಟುವಾಗ ಕಂಬ ಹಿಡಿಯುತ್ತಿದ್ದರು. ಉಪ್ಪು ಕಡಿಮೆ ಮಾಡಿ ಎಂದು ಬಿಪಿಯ ಡಾಕ್ಟರು ವರ್ಷದ ಹಿಂದೆ ಹೇಳಿದ್ದನ್ನು ಸ್ವಾತಿ ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಳೆಂದರೆ, ಅತ್ತೆಯ ಗಂಜಿಗೆ ಅವಳು ಉಪ್ಪೇ ಹಾಕುತ್ತಿರಲಿಲ್ಲ. ಬೆಳಿಗ್ಗೆ ಸೌಮ್ಯಕ್ಕ ಹೇಗೂ ಹಾಕಿರುತ್ತಾರೆ ಎಂದು ಅವಳ ಎಣಿಕೆ. ಬಿಪಿ ಮಾತ್ರೆಯನ್ನೂ ತಪ್ಪಿಸಿದವಳಲ್ಲ. ಒಲೆ ಬೇರೆಯಾದ ವಾರವೇ ಮಾತ್ರೆಯ ಹಳೆಯ ಖಾಲಿ ಪಟ್ಟಿಯನ್ನು ನಿತೇಶನ ಕೈಗೆ ಕೊಟ್ಟು, ಅದೇ ಹೆಸರಿನದನ್ನು ತರಿಸಿ, ದಿನಾ ಸಂಜೆ ಚಹಾದ ಜೊತೆ ತಾನೇ ಅತ್ತೆಯ ಅಂಗೈಗೆ ಹಾಕುತ್ತಿದ್ದಳು.

ಹನ್ನೊಂದನೆಯ ದಿನ ಸಂಜೆ, ನಿತೇಶನಿಗೆ ದೋಸೆ ಹೊಯ್ಯುತ್ತ, ಅವಳು ಅತ್ತೆಗೆ ಮಾತ್ರೆ ನೀಡಿದಳು. ಅಕ್ಕು ಅದನ್ನು ತೆಗೆದುಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡಿದರು. ಪರಿಚಯವಿಲ್ಲದವರನ್ನು ನೋಡುವ ಹಾಗೆ.

"ಬೆಳಿಗ್ಗೆ ಕೊಟ್ಟಿದೆ ಅಲ್ದಾ ಸೌಮ್ಯ? ಹಿಕ್... ಮತ್ತೆ ಯಾಕೆ? ಸಂಜಿದ್ ಅವ್ಳ್ ಕೊಡ್ತ್ಲ್."

"ನಾನ್ ಸ್ವಾತಿ, ಅತ್ತೆ."

"ಸ್ವಾತಿ ಸಂಜಿಗೆ ಕೊಡ್ತ್ಲ್. ನೀ ಕೊಟ್ಟದ್ದ್ ಅವ್ಳಿಗೆ ಹೇಳ್ಬೇಡ. ಬೇಜಾರ್ ಮಾಡ್ಕಂತ್ಲ್."

ಸ್ವಾತಿಯ ಕೈಯಲ್ಲಿದ್ದ ಮಾತ್ರೆ ನೆಲಕ್ಕೆ ಬಿತ್ತು. ಅವಳು ಅದನ್ನು ಹೆಕ್ಕಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ಶಿವರಾತ್ರಿಯಿಂದ. ತಾನು ಒಂದು ದಿನವೂ ತಪ್ಪಿಸಿಲ್ಲ. ಸೌಮ್ಯಕ್ಕನೂ ತಪ್ಪಿಸುವವಳಲ್ಲ.

ಪಟ್ಟಿಯನ್ನು ಸೆರಗಿಗೆ ಸುತ್ತಿಕೊಂಡು ಅವಳು ಬಾಗಿಲ ಕಡೆ ನಡೆದಳು. ನಿತೇಶ್ ತಟ್ಟೆಯ ಮುಂದೆ ಕೂತಿದ್ದ.

"ಎಲ್ಲಿಗೆ ಹೊರ್ಟದ್ದ್?"

"ಆಚಿಗೆ. ಸೌಮ್ಯಕ್ಕನ ಹತ್ರ ಕೇಳುಕಿತ್ತ್."

"ಕೇಳೂದ್ ಎಂತದೂ ಇಲ್ಲೆ. ನಾವೇ ಅಮ್ಮನಿಗೆ ಎಂತದೋ ಕೊಟ್ಟದ್ದ್ ಅಂತ ನಾಳೆ ಊರೆಲ್ಲ ಸಾರ್ತ್ರ್. ಕೂಕೊ."

"ಕೊಟ್ಟದ್ದ್ ಹೌದ್. ನಾವೂ ಕೊಟ್ಟದ್ದೇ, ಅವ್ರೂ ಕೊಟ್ಟದ್ದೇ. ಅದನ್ನೇ ಹೇಳುಕೆ ಹೋಪುದ್."

"ಸ್ವಾತಿ, ಆ ಬಾಗ್ಲ್ ದಾಟ್ರೆ ತಿರ್ಗಿ ಈಚಿಗೆ ಬರೂದ್ ಬ್ಯಾಡ."

ಮದುವೆಯಾದ ಒಂಬತ್ತು ವರ್ಷಗಳಲ್ಲಿ ಇಂಥ ಮಾತನ್ನು ಅವನು ಆಡಿದ್ದು ಇದೇ ಮೊದಲು. ಅವಳು ತಿರುಗಿ ಒಲೆಯನ್ನೊಮ್ಮೆ ನೋಡಿದಳು.

"ಅಡ್ಡಿಲ್ಲೆ. ಕಾವ್ಲಿ ಮೇಲೆ ದೋಸಿ ಇತ್ತ್. ಮಗ್ಚ್ ಹಾಕ್ಕಣಿ, ಸೀದ್ ಹೋತ್ತ್."

ಚಾವಡಿ ದಾಟಲು ಹದಿನಾಲ್ಕು ಹೆಜ್ಜೆ. ಸೌಮ್ಯಶ್ರೀ ತೆಂಗಿನಕಾಯಿ ತುರಿಯುತ್ತಿದ್ದಳು. ಬಾಗಿಲಲ್ಲಿ ಸ್ವಾತಿಯನ್ನು ಕಂಡು ತುರಿಮಣೆಯಿಂದ ಏಳದೆಯೇ, "ಎಂತ, ದಾರಿ ತಪ್ತಾ?" ಎಂದಳು.

"ಅಕ್ಕ, ಅತ್ತೆಗೆ ಬೆಳಿಗ್ಗೆ ಬಿಪಿ ಮಾತ್ರಿ ಕೊಡ್ತ್ರ್ಯಾ?"

"ಕೊಡ್ದೆ? ನಿನ್ನ ಕಡಿಯಿಂದ ಯಾರಾರೂ ಕೊಡ್ತ್ರ್ ಅಂತ ಕಾಯ್ಕಾ?"

ಸ್ವಾತಿ ತನ್ನ ಪಟ್ಟಿಯನ್ನು ತುರಿಮಣೆಯ ಪಕ್ಕದಲ್ಲಿ ಇಟ್ಟಳು. ಸೌಮ್ಯಶ್ರೀ ಅದನ್ನು ನೋಡಿದಳು. ಕೈ ಒರೆಸಿಕೊಂಡು ಎದ್ದು, ಕಪಾಟಿನಿಂದ ತನ್ನದನ್ನು ತಂದು ಅದರ ಪಕ್ಕದಲ್ಲಿಟ್ಟಳು. ಒಂದೇ ಬಣ್ಣ, ಒಂದೇ ಹೆಸರು.

"ದೇವ್ರೇ," ಎಂದಳು ಸೌಮ್ಯಶ್ರೀ. "ಉಪ್ಪ್? ನೀ ಉಪ್ಪ್ ಹಾಕ್ತ್ಯಾ?"

"ಇಲ್ಲೆ. ನೀವ್ ಹಾಕ್ತ್ರಿ ಅಂತ..."

"ನಾನೂ ಚಿಟಿಕಿ ಮಾತ್ರ. ನೀ ಹಾಕ್ತೆ ಅಂತ."

ಚಾವಡಿಯಿಂದ ಬಿಕ್ಕಳಿಕೆ ಕೇಳಿಸಿತು.

ಸೌಮ್ಯಶ್ರೀಯೇ ಮೊದಲು ಚಪ್ಪಲಿ ಹಾಕಿದ್ದು. ಪಕ್ಕದ ಮನೆಯ ಚಂದಯ್ಯನ ಆಟೋ ಅಂಗಳಕ್ಕೆ ಬಂತು. ಇಬ್ಬರೂ ಸೇರಿ ಅತ್ತೆಯನ್ನು ಹಿಂದಿನ ಸೀಟಿಗೆ ಹತ್ತಿಸಿದರು. ರವಿರಾಜ್ ಆಗಷ್ಟೇ ಬಸ್ಸಿಳಿದು ಬರುತ್ತಿದ್ದ.

"ಯಾರ್ನ್ ಕೇಳಿ ಹೊರ್ಟದ್ದ್ ಇಬ್ರೂ?"

"ಕೇಳಿದ್ದಿಲ್ಲೆ. ಹತ್ತೂದಾದ್ರೆ ಹತ್ತಿ, ಮುಂದೆ ಚಂದಯ್ಯನ ಪಕ್ಕ ಜಾಗ ಇತ್ತ್," ಎಂದಳು ಅವನ ಹೆಂಡತಿ.

ಅವನು ಹತ್ತಿದ. ನಿತೇಶ್ ಬೈಕಿನಲ್ಲಿ ಹಿಂದಿನಿಂದ ಬಂದ.

ಕುಂದಾಪುರದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಡಾಕ್ಟರ್ ಉಲ್ಲಾಸ್. ತೀರಾ ಎಳೆಯ ಮುಖ. ಅವರು ಮೊದಲು ಎದೆಗೆ ವಯರು ಅಂಟಿಸಿ ಇಸಿಜಿ ತೆಗೆಸಿದರು.

"ಬಿಕ್ಕಳಿಕೆಗೆ ಇಸಿಜಿ ಎಂತಕ್ಕೆ?" ಎಂದ ರವಿರಾಜ್.

"ವಯಸ್ಸಾದವರಲ್ಲಿ ಕೆಲವೊಮ್ಮೆ ಹಾರ್ಟ್ ಅಟ್ಯಾಕ್ ಬಿಕ್ಕಳಿಕೆಯಾಗಿ ಬರ್ತದೆ. ಕಿಡ್ನಿ ಕೆಟ್ಟರೂ ಬರ್ತದೆ, ಹೊಟ್ಟೆ ಹುಳಿಯಾದ್ರೂ ಬರ್ತದೆ, ಮೆದುಳಿಗೆ ತೊಂದರೆಯಾದ್ರೂ ಬರ್ತದೆ. ಹತ್ತು ನಿಮಿಷ ಬಂದು ಹೋದ್ರೆ ಅದಕ್ಕೆ ಅರ್ಥ ಇಲ್ಲ. ಎರಡು ದಿನ ದಾಟಿದ್ರೆ ಅದು ಇನ್ನೊಂದರ ಸುದ್ದಿ ಹೇಳ್ತಾ ಇದೆ ಅಂತ ಲೆಕ್ಕ. ನೀವು ಹನ್ನೊಂದು ದಿನ ಕಾದಿದ್ದೀರಿ." ಅವರು ಚೀಟಿಯಿಂದ ತಲೆಯೆತ್ತಿದರು. "ಏನೇನು ಮಾತ್ರೆ ತಗೊಳ್ತಾರೆ?"

ಸ್ವಾತಿಯೂ ಸೌಮ್ಯಶ್ರೀಯೂ ತಮ್ಮ ತಮ್ಮ ಪಟ್ಟಿಗಳನ್ನು ಮೇಜಿನ ಮೇಲಿಟ್ಟರು.

"ಎರಡೂ ಒಂದೇ ಅಲ್ವಾ ಇದು?"

"ಹೌದ್ ಡಾಕ್ಟ್ರೇ. ಬೆಳಿಗ್ಗೆ ಒಂದ್, ಸಂಜೆ ಒಂದ್. ನಮಗೆ ಒಬ್ರಿಗೊಬ್ರಿಗೆ ಗೊತ್ತಿರ್ಲಿಲ್ಲ."

"ಒಂದೇ ಮನೆ ಅಲ್ವಾ?"

ರವಿರಾಜ್ ಹೇಳಿದ, "ನಾವ್ ಕೊಟ್ಟದ್ದ್ ಸಮಾ ಇತ್ತ್ ಡಾಕ್ಟ್ರೇ. ಹೆಚ್ಚಾದ್ದ್ ಅವ್ರದ್ದ್."

"ಹೆಚ್ಚಾದ್ದ್ ಯಾವ್ದ್ ಭಾವ?" ಸ್ವಾತಿಯ ದನಿ ಅವಳಿಗೇ ಅಪರಿಚಿತವೆನಿಸುವಷ್ಟು ಎತ್ತರಕ್ಕೆ ಹೋಯಿತು. "ಬೆಳಿಗ್ಗಿದಾ, ಸಂಜಿದಾ? ಹೊಟ್ಟಿಯೊಳ್ಗೆ ಹೋದ್ಮೇಲೆ ಯಾವ್ದ್ ನಿಮ್ದ್, ಯಾವ್ದ್ ನಮ್ದ್ ಅಂತ ಹೆಸರ್ ಬರ್ಕಂಡಿರ್ತಾ?"

ನಿತೇಶ್ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

"ಪಂಪ್ ಸುಟ್ಟಾಗ ನಾನ್ ಸುಮ್ನಿದ್ದೆ. ಸ್ವಿಚ್ ಹಾಕಿದ್ದ್ ನಾನೇ ಇರ್ಲಕ್ಕ್, ಅಲ್ದೇ ಇರ್ಲಕ್ಕ್, ಗೊತ್ತಿಲ್ಲೆ. ಗೊತ್ತಿಲ್ಲೆ ಅಂತಾದ್ರೂ ಅವತ್ತ್ ಹೇಳ್ಕಿತ್ತ್, ಹೇಳ್ಲಿಲ್ಲೆ. ಈ ಸರ್ತಿ ಹೇಳ್ತೆ. ಡಾಕ್ಟ್ರೇ, ಉಪ್ಪ್ ನಾನ್ ಹಾಕ್ಲೇ ಇಲ್ಲ. ಬಿಕ್ಕಳಿಕೆಗೆ ನೀರ್ ಕುಡ್ಸಿದ್ದ್ ಎಷ್ಟ್ ಅಂತ ಅಳತಿಯಿಲ್ಲ. ಎಲ್ಲ ಬರ್ಕಣಿ."

ಡಾಕ್ಟರು ಬರೆದುಕೊಂಡರು. ರಕ್ತದ ರಿಪೋರ್ಟು ಒಂದು ಗಂಟೆಯಲ್ಲಿ ಬಂತು. ಸೋಡಿಯಂ ನೂರ ಮೂವತ್ತೈದರ ಮೇಲಿರಬೇಕಿತ್ತು. ಅಕ್ಕುವಿನದು ನೂರ ಹದಿನಾರು. ಆ ಮಾತ್ರೆ ಮೂತ್ರದಲ್ಲಿ ಉಪ್ಪನ್ನು ಹೊರಗೆ ಕಳಿಸುವಂಥದ್ದು. ಒಂದಾದರೆ ಔಷಧಿ, ಎರಡಾದರೆ ಬೇರೆ ಕಥೆ. ಬೆವರಿನಲ್ಲೂ ಒಂದಿಷ್ಟು ಹೋಯಿತು, ತಟ್ಟೆಯಿಂದ ಬರಲಿಲ್ಲ, ಉಳಿದದ್ದನ್ನು ಚೊಂಬುಗಟ್ಟಲೆ ನೀರು ತೆಳುಮಾಡಿತು. ಬಿಕ್ಕಳಿಕೆ, ವಾಕರಿಕೆ, ಮಂಪರು ಎಲ್ಲ ಅದರದ್ದೇ.

"ಇನ್ನೆರಡು ದಿನ ಬಿಟ್ಟಿದ್ರೆ ಫಿಟ್ಸ್ ಬರ್ತಿತ್ತು," ಎಂದರು ಡಾಕ್ಟರ್ ಉಲ್ಲಾಸ್. "ಕಡಿಮೆಯಾದದ್ದನ್ನು ಒಮ್ಮೆಲೇ ತುಂಬಿಸ್ಲಿಕ್ಕೂ ಆಗುದಿಲ್ಲ, ಮೆದುಳಿಗೆ ಪೆಟ್ಟು. ನಿಧಾನ ಏರಿಸ್ಬೇಕು. ಐಸಿಯುನಲ್ಲಿ ಇಡ್ತೇವೆ. ಬಿಕ್ಕಳಿಕೆ ತಡೀಲಿಕ್ಕೆ ಸಣ್ಣ ಮಾತ್ರೆಯೊಂದು ಕೊಡ್ತೇನೆ, ಆದ್ರೆ ಅದು ಬಾಗಿಲು ಹಾಕಿದ ಹಾಗೆ ಮಾತ್ರ. ಒಳಗಿನದ್ದು ಸರಿಯಾದ್ರೆ ತಾನಾಗಿ ನಿಲ್ತದೆ. ನೀರು ನಾವು ಹೇಳಿದಷ್ಟೇ."

ಐಸಿಯುವಿನ ಹೊರಗೆ ಎರಡು ಬೆಂಚುಗಳಿದ್ದವು. ಅಣ್ಣತಮ್ಮಂದಿರು ಒಂದೊಂದರಲ್ಲಿ ಕೂತರು. ಹೆಂಗಸರು ನೆಲದ ಮೇಲೆ, ಒಂದೇ ಚಾಪೆಯಲ್ಲಿ. ಮರುದಿನದ ಊಟ ಒಂದೇ ಬುತ್ತಿಯಲ್ಲಿ ಬಂತು, ಸುರಕ್ಷಾ ಮಾಡಿದ್ದು. ಅನ್ನ ಮುದ್ದೆಯಾಗಿತ್ತು, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಯಾರೂ ದೂರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸ್ವಾತಿ ಒಳಗೆ ಹೋದಾಗ ಅಕ್ಕು ಎದ್ದು ಕೂತಿದ್ದರು. ಏನೋ ಕೊರತೆಯೆನಿಸಿತು. ಬಿಕ್ಕಳಿಕೆ ಇರಲಿಲ್ಲ.

"ಎಂತ ಕಾಂತೆ? ನಿಂತ್," ಎಂದರು ಅಕ್ಕು. "ನೀರ್ ಮಾತ್ರ ಕೊಡ್ತಿಲ್ಲೆ ಮಾರಾಯ್ತಿ. ಲೋಟದಲ್ ಅಳ್ದ್ ಕೊಡ್ತ್ರ್, ಬಂಗಾರ ಅಳ್ದ್ಹಾಂಗೆ."

ಸ್ವಾತಿ ಮಂಚದ ಅಂಚಿನಲ್ಲಿ ಕೂತಳು. "ಅತ್ತೆ, ಎರಡೂ ಒಂದೇ ಮಾತ್ರಿ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ನನ್ ಕಣ್ಣ್ ಹೋಯ್ತಾ? ಎರಡೂ ಬಿಳಿ, ಎರಡಕ್ಕೂ ಮಧ್ಯ ಗೀಟ್."

"ಮತ್ತೆ ಯಾಕೆ ತಕಂಡದ್ದ್?"

ಅಕ್ಕು ಕಿಟಕಿಯ ಕಡೆ ನೋಡಿದರು.

"ಒಬ್ಳದ್ದ್ ತಕಂಡ್ ಇನ್ನೊಬ್ಳದ್ದ್ ಬ್ಯಾಡ ಅಂದ್ರೆ? ಅಮ್ಮ ಆಚಿಗೆ ಸೇರಿದ್ಲ್, ಅಮ್ಮ ಈಚಿಗೆ ಸೇರಿದ್ಲ್ ಅಂಬ್ರಿ. ಮಾತ್ರಿ ನುಂಗೂದ್ ಸುಲಭ ಆಯ್ತ್. ಆ ಮಾತ್ ನುಂಗುಕೆ ಆತಿಲ್ಲೆ."

ಅಷ್ಟು ಹೇಳಿ ಅವರು ಸ್ವಾತಿಯ ಕೈಮೇಲೆ ಹೊಡೆದರು, ಸ್ವಲ್ಪ ಜೋರಾಗಿಯೇ. "ಇನ್ನ್ ನುಂಗೂದಿಲ್ಲ. ಯಾವ್ದನ್ನೂ. ಹೇಳ್ ಅವ್ರಿಬ್ರಿಗೂ."

ಮನೆಗೆ ಬಂದದ್ದು ಆರನೆಯ ದಿನ. ಡಾಕ್ಟರು ಹಳೆಯ ಮಾತ್ರೆಯನ್ನೇ ನಿಲ್ಲಿಸಿ ಬೇರೆ ಬರೆದಿದ್ದರು, ದಿನಕ್ಕೊಂದು. ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಉಪ್ಪು ಹಿತವಾಗಿ, ಎಲ್ಲರಂತೆ. ಸೌಮ್ಯಶ್ರೀ ದಿನಕ್ಕೊಂದು ಮಾತ್ರೆ ಹಾಕಿಡುವ, ಏಳು ಮನೆಗಳ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಚಾವಡಿಯ ಕಿಟಕಿಯಲ್ಲಿ, ಕ್ಲಿನಿಕ್ಕಿನ ಚೀಟಿ ಬಿದ್ದಿದ್ದ ಜಾಗದಲ್ಲೇ, ಇಟ್ಟಳು. ಬೀಗ ಹಾಕುವವರ ಗತ್ತಿನಲ್ಲಿ ಅಕ್ಕು ಅದನ್ನು ಮುಚ್ಚಿದರು.

"ಇನ್ನ್ ಮೇಲೆ ನಾನೇ ತೆಗಿತೆ, ನಾನೇ ತಿಂತೆ. ನಿಮ್ ಕೈ ಬ್ಯಾಡ."

ನಾಲ್ಕು ದಿನ ಹೀಗೇ ಹೋಯಿತು. ಆಸ್ಪತ್ರೆಯ ಓಡಾಟದಲ್ಲಿ ಹೇಗೋ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದ ಗಂಜಿ ಒಂದೇ ಪಾತ್ರೆಯಲ್ಲಿ ಬೇಯುತ್ತಲೇ ಇತ್ತು. ಸ್ವಾತಿ ಅಕ್ಕಿ ತೊಳೆದರೆ ಸೌಮ್ಯಶ್ರೀ ಉಪ್ಪು ಹಾಕುವಳು, ಹಾಕಿದೆ ಎಂದು ಗಟ್ಟಿಯಾಗಿ ಹೇಳುವಳು. ಐದನೆಯ ದಿನ ಭಾನುವಾರ. ಗಂಡಸರಿಬ್ಬರೂ ಮನೆಯಲ್ಲಿದ್ದರು. ಚಾವಡಿಯ ನಡುವೆ ಸ್ವಾತಿ ಗಂಜಿಯ ದೊಡ್ಡ ಪಾತ್ರೆ ತಂದಿಟ್ಟಾಗ ರವಿರಾಜ್ ಪೇಪರ್ ಮಡಿಸಿದ.

"ಅಮ್ಮ ಹುಷಾರಾಯ್ತ್ ಅಲ್ದಾ. ಇನ್ನ್ ಅವ್ರವ್ರದ್ದ್ ಅವ್ರವ್ರ ಬದಿಗೆ ತಕಂಡ್ ಹೋಪ್ದ್ ಒಳ್ಳೆದ್."

ಅವನು ಹೇಳಿದ್ದು ಹೆಂಡತಿಗೆ. ಆದರೆ ಅಪರೂಪಕ್ಕೆ ತಮ್ಮನೂ ಅಣ್ಣನ ಮಾತಿಗೆ ತಲೆಯಾಡಿಸಿದ. "ಹೌದ್ ಸ್ವಾತಿ. ಪಾತ್ರಿ ಒಳ್ಗ್ ಇಡ್."

ಶಿವರಾತ್ರಿಯ ನಂತರ ಇಬ್ಬರೂ ಒಂದಾದದ್ದು ಇದೊಂದು ಮಾತಿಗೆ.

ಸ್ವಾತಿಗೆ ಹೆದರಿಕೆಯಾಗದಿರಲಿಲ್ಲ. ಆಯಿತು. ಬಾಗಿಲು ದಾಟಿದ ಸಂಜೆಯ ಮಾತನ್ನು ನಿತೇಶ್ ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ, ಅವಳೂ ಕೇಳಿರಲಿಲ್ಲ. ಹಿಡಿಬಟ್ಟೆಯನ್ನು ಹೆಗಲಿಂದ ತೆಗೆದು ಪಾತ್ರೆಯ ಪಕ್ಕದಲ್ಲಿಟ್ಟಳು.

"ನಾನ್ ಎತ್ತೂದಿಲ್ಲ."

"ಎಂತ?"

"ಎತ್ತೂದಿಲ್ಲ ಅಂದೆ. ಸೌಮ್ಯಕ್ಕನೂ ಎತ್ತೂದಿಲ್ಲ. ನಾಳೆಯೂ ಇಲ್ಲೇ ಇಡ್ತ್. ನೀವಿಬ್ರೂ ಮಾತಾಡ್ಕಣಿ, ಬಿಡಿ, ಅದ್ ನಿಮ್ ಇಷ್ಟ. ಬೆನ್ನ್ ಹಾಕ್ಕಂಡ್ ಕೂಕಂಡ್ ಉಂಡ್ರೂ ಅಡ್ಡಿಲ್ಲೆ. ಪಾತ್ರಿ ಬ್ಯಾರಿ ಆಯ್ಕ್ ಅಂತ ಯಾರಿಗಿತ್ತೋ ಅವ್ರ್ ಎತ್ತ್ಕಂಡ್ ಹೋಯ್ಲಿ. ಬಟ್ಟಿ ಇಲ್ಲಿತ್ತ್. ಬಿಸಿ ಇತ್ತ್, ಕಾಣಿ."

ಸೌಮ್ಯಶ್ರೀ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಗಂಡ ಅವಳ ಮುಖ ನೋಡಿದ. ಅವಳು ಕದಲಲಿಲ್ಲ. ನಿತೇಶ್ ಬಟ್ಟೆಯ ಕಡೆ ಒಮ್ಮೆ ನೋಡಿದ, ಅಣ್ಣನ ಕಡೆ ಒಮ್ಮೆ. ಪಾತ್ರೆಯಿಂದ ಹಬೆ ಏಳುತ್ತಿತ್ತು. ಯಾರೂ ಕೈ ಚಾಚಲಿಲ್ಲ.

ಅಕ್ಕು ಮಣೆಯನ್ನು ಪಾತ್ರೆಯ ಹತ್ತಿರಕ್ಕೆ ಎಳೆದುಕೊಂಡು ತಟ್ಟೆ ನೀಡಿದರು. ಸ್ವಾತಿ ಬಡಿಸಿದಳು. ಮೊದಲ ತುತ್ತು, ಎರಡನೆಯದು, ಮೂರನೆಯದು. ಸ್ವಾತಿ ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

"ಎಂತ ಬಾಯಿ ಕಾಂತ್ ಕೂಕಂಡಿದೆ?" ಎಂದರು ಅಕ್ಕು. "ಉಪ್ಪ್ ಸಮಾ ಇತ್ತ್. ಅವ್ರಿಬ್ರಿಗೂ ಬಡ್ಸ್. ಉಣ್ದಿದ್ರೆ ಇರ್ಲಿ, ನಂಗೆ ಇನ್ನೊಂದ್ ಸೌಟ್ ಹಾಕ್."